ಗುಂಡಿಗೆಗೆ ಐಸ್ ತಂದ ಲಕ್ಕಣ್ಣ

ಲಕ್ಕಣ್ಣ ಕೂತು ಊಟ ಮಾಡಿದ್ದನ್ನು ನಾನು ನೋಡಿಲ್ಲ. ಶೆಡ್ಡಿನ ಹಿಂದಿನ ಹೊಂಗೆಮರದ ಬುಡದಲ್ಲಿ ಬುತ್ತಿ ಬಿಚ್ಚುವನು, ಒಂದು ತುತ್ತು ಮುದ್ದೆ ನುಂಗುವನು, ಎದ್ದು ನಾಯಿಗಳ ಗೂಡಿನ ಕಡೆ ಹೋಗಿ ಬರುವನು, ಮತ್ತೆ ಒಂದು ತುತ್ತು. "ಒಂದು ಗಳಿಗೆ ಕೂತ್ಕೊಬಾರ್ದಾ ಲಕ್ಕಣ್ಣ?" ಎಂದು ನಾನು ಕೇಳಿದರೆ ನಗುವನು.

"ಐಸ್ ಒರೋನು ಕುಂತ್ರೆ ಐಸ್ ನೀರಾಯ್ತದೆ ಅಮ್ಮಣ್ಣಿ. ಇಪ್ಪತ್ತು ವರ್ಸದ ಅಭ್ಯಾಸ. ಈಗ ಕೈಯಾಗೆ ಐಸ್ ಇಲ್ದಿದ್ರೂ ಕಾಲು ಕೇಳಾಕಿಲ್ಲ."

ಅವನ ಊರು ಗೊರಗುಂಟೆಪಾಳ್ಯ. ಹದಿನೆಂಟನೇ ವಯಸ್ಸಿಗೆ ಯಶವಂತಪುರ ಸ್ಟೇಷನ್ನಿನ ಹತ್ತಿರದ ಐಸ್ ಫ್ಯಾಕ್ಟರಿಗೆ ಸೇರಿ, ಗಡ್ಡೆ ಹೊತ್ತು ರೈಲಿನ ಡಬ್ಬಿಗೆ ತುಂಬುವ ಕೆಲಸ ಮಾಡುತ್ತಿದ್ದ. ಎಡ ಹೆಗಲ ಮೇಲೆ ನಾಲ್ಕು ಮಡಿಕೆ ಗೋಣಿ, ಅದರ ಮೇಲೆ ಐಸ್ ಗಡ್ಡೆ, ಕಾಲಲ್ಲಿ ಓಟ. ಇಷ್ಟರಲ್ಲೇ ಅವನಿಗೆ ಮೂವತ್ತೆಂಟು ವರ್ಷವಾಗಿತ್ತು. ಆಗ, ಅರವತ್ನಾಲ್ಕನೇ ಇಸವಿಯಲ್ಲಿ, ಡಾಕ್ಟರ್ ಅತಾವುಲ್ಲಾ ಆ ಫ್ಯಾಕ್ಟರಿಗೆ ಹೋದರು.

ಅತಾವುಲ್ಲಾ ನಗರದ ದೊಡ್ಡ ಆಸ್ಪತ್ರೆಯೊಂದರಲ್ಲಿ ಎದೆಯ ಆಪರೇಷನ್ ಮಾಡುವ ಸರ್ಜನ್. ಹೊರದೇಶದಲ್ಲಿ ನಾಲ್ಕು ವರ್ಷ ಕಲಿತು ಬಂದಿದ್ದರು. ಮಂಗಳವಾರ ಮತ್ತು ಶುಕ್ರವಾರ ಮಾತ್ರ ಹೆಬ್ಬಾಳದ ಕೆರೆಯ ಈಚೆಗಿದ್ದ ಒಂದು ತಗಡಿನ ಶೆಡ್ಡಿಗೆ ಬರುತ್ತಿದ್ದರು. ಅಲ್ಲಿ ಬೀದಿನಾಯಿಗಳ ಮೇಲೆ ಅವರ ಪ್ರಯೋಗ ನಡೆಯುತ್ತಿತ್ತು. ನಾನು ಯಲಹಂಕದವಳು, ಬಿ.ಎಸ್‌ಸಿ. ಮುಗಿಸಿ ಆ ಶೆಡ್ಡಿನಲ್ಲಿ ಉಷ್ಣಾಂಶ ಮತ್ತು ನಿಮಿಷ ಬರೆದುಕೊಳ್ಳುವ ಕೆಲಸಕ್ಕೆ ಸೇರಿದ್ದೆ.

ಡಾಕ್ಟರರ ಆಸೆ ಹೇಳುವುದಕ್ಕೆ ಸುಲಭ. ಹೃದಯ ಊರಿಗೆಲ್ಲ ರಕ್ತ ಹಂಚುತ್ತದೆ. ಆದರೆ ಅದರ ಸ್ವಂತ ಸ್ನಾಯುವಿಗೆ ರಕ್ತ ಕೊಡುವ ಸಣ್ಣ ನಾಳ ಕಟ್ಟಿಕೊಂಡರೆ ಮನುಷ್ಯ ಎದೆ ಹಿಡಿದುಕೊಂಡು ಬೀಳುತ್ತಾನೆ. ಕಾಲಿನಿಂದ ಒಂದು ನಾಳ ತೆಗೆದು, ಕಟ್ಟಿದ ಜಾಗದ ಆಚೆಗೆ ಹೊಲಿದು, ರಕ್ತಕ್ಕೆ ಬಳಸುದಾರಿ ಮಾಡಿಕೊಟ್ಟರೆ? ಆದರೆ ಕುಣಿಯುವ ಗುಂಡಿಗೆಯ ಮೇಲೆ ಕೂದಲಿನಷ್ಟು ಸಣ್ಣ ಹೊಲಿಗೆ ಹಾಕಲಾಗದು. ಅದನ್ನು ನಿಲ್ಲಿಸಬೇಕು. ಮೈಗೆ ರಕ್ತ ಹರಿಸುವುದಕ್ಕೆ ಡಾಕ್ಟರು ತಾವೇ ಮಾಡಿಸಿದ ಪಂಪು ಇತ್ತು. ನಿಂತ ಗುಂಡಿಗೆಗೆ ಮಾತ್ರ ಏನೂ ಸಿಗುತ್ತಿರಲಿಲ್ಲ. ಹದಿನೈದು ಇಪ್ಪತ್ತು ನಿಮಿಷದಲ್ಲಿ ಅದರ ಸ್ನಾಯು ಸಾಯತೊಡಗುತ್ತಿತ್ತು. ಹೊಲಿಗೆ ಚೆನ್ನಾಗಿ ಬಿದ್ದರೂ ನಾಯಿ ಏಳುತ್ತಿರಲಿಲ್ಲ.

"ಬಿಸಿ ಗುಂಡಿಗೆ ಹಸಿದಿರತ್ತೆ, ಊಟ ಕೇಳತ್ತೆ. ತಣ್ಣಗೆ ಮಾಡಿ ಮಲಗಿಸಿದರೆ ಕೇಳೋದಿಲ್ಲ. ನಂಗೆ ಒಂದು ಗಂಟೆ ಅದು ಮಲಗಿರಬೇಕು" ಎಂದು ಅವರು ಫ್ಯಾಕ್ಟರಿಯಲ್ಲಿ ಲಕ್ಕಣ್ಣನಿಗೆ ಹೇಳಿದ್ದರಂತೆ. ಯಜಮಾನರು ಕೆಲಸದಲ್ಲಿ ಚುರುಕಾದವನು ಎಂದು ಅವನನ್ನೇ ಮುಂದೆ ನಿಲ್ಲಿಸಿದ್ದರು.

ಕೆಲಸ ಇಷ್ಟು: ನಾವು ಅಳತೆಯ ಉಪ್ಪುನೀರನ್ನು ಕುದಿಸಿ, ಮುಚ್ಚಳವಿರುವ ಡಬ್ಬಗಳಲ್ಲಿ ತುಂಬಿ ಕಳಿಸುತ್ತಿದ್ದೆವು. ಲಕ್ಕಣ್ಣ ಅವನ್ನು ಫ್ಯಾಕ್ಟರಿಯ ತೊಟ್ಟಿಯಲ್ಲಿ ಇಳಿಬಿಟ್ಟು, ಅರ್ಧ ಗಟ್ಟಿ ಅರ್ಧ ನೀರಾಗಿ ಅಂಬಲಿಯ ಹದಕ್ಕೆ ಬಂದಾಗ ಎತ್ತಿ, ಬರೀ ಐಸಿನಲ್ಲಿ ಹೂತು, ಮೇಲೆ ಮರದ ಹೊಟ್ಟು ಮುಚ್ಚಿ ಸೈಕಲ್ಲಿನಲ್ಲಿ ತರಬೇಕು. ಮತ್ತೀಕೆರೆ ದಾಟಿ ಬಳ್ಳಾರಿ ರಸ್ತೆ ಹಿಡಿದು ಹೆಬ್ಬಾಳ ಮುಟ್ಟುವುದಕ್ಕೆ ಮುಕ್ಕಾಲು ಗಂಟೆ. ಆ ಅಂಬಲಿಯನ್ನು ಡಾಕ್ಟರು ನಿಂತ ಗುಂಡಿಗೆಯ ಸುತ್ತ ಸುರಿಯುತ್ತಿದ್ದರು.

ಮೊದಲ ದಿನ ಲಕ್ಕಣ್ಣ ಡಬ್ಬ ಇಟ್ಟು ಬಾಗಿಲ ಬಳಿ ನಿಂತಿದ್ದ. ಮತ್ತಿನ ಮದ್ದು ಕೊಟ್ಟಿದ್ದ ನಾಯಿಯ ಎದೆ ತೆರೆದಿತ್ತು. ಪಂಪು ಗುರುಗುಟ್ಟುತ್ತಿತ್ತು. ಡಾಕ್ಟರು ದೊಡ್ಡ ನಾಳಕ್ಕೆ ಚಿಮುಟ ಹಾಕಿ ಅಂಬಲಿ ಸುರಿದರು. ಗುಂಡಿಗೆ ನಿಧಾನವಾಯಿತು, ಒಂದೆರಡು ಸಲ ಮಿಸುಕಿತು, ನಿಂತಿತು. ನಾನು ನಿಮಿಷ ಬರೆದುಕೊಂಡೆ.

"ನಿಂತೋಯ್ತು!" ಎಂದ ಲಕ್ಕಣ್ಣ ಜೋರಾಗಿ. "ಸ್ವಾಮಿ, ನಿಂತೋಯ್ತು!"

"ನಿಲ್ಲಲೇಬೇಕು. ನೀನು ಹೊರಗೆ ಹೋಗು" ಎಂದರು ಡಾಕ್ಟರು ತಲೆಯೆತ್ತದೆ.

ಅವನು ಹೊರಗೆ ಹೋದ. ಮೂವತ್ತೊಂದು ನಿಮಿಷ ಶೆಡ್ಡಿನ ಸುತ್ತ ಅವನ ಹೆಜ್ಜೆ ಕೇಳುತ್ತಲೇ ಇತ್ತು. ತಗಡಿನ ಗೋಡೆಯ ಆಚೆ ಅವನು ಹೋಗುವುದು, ಬರುವುದು. ಚಿಮುಟ ತೆಗೆದಾಗ ಗುಂಡಿಗೆ ಮೊದಲು ನಡುಗಿ, ಆಮೇಲೆ ಒಂದೊಂದೇ ಏಟು ಬಡಿದು, ಹದಕ್ಕೆ ಬಂತು. ನಾನು ಹೊರಗೆ ಬಂದು ಹೇಳಿದೆ. ಅವನು ನನ್ನ ಮುಖ ನೋಡಿದ, ತನ್ನ ಎದೆಯ ಮೇಲೆ ಕೈಯಿಟ್ಟುಕೊಂಡ. "ನಮ್ಮಪ್ಪನೂ ಇಂಗೇ ಎದೆ ಇಡ್ಕಂಡು ಬಿದ್ದೋನು. ಓಗಿದ್ದು ತಿರ್ಗಾ ಬತ್ತದೆ ಅಂತ ಯಾರಿಗ್ ಗೊತ್ತಿತ್ತು?" ಎಂದ. ಅಂದಿನಿಂದ ಅವನು ಫ್ಯಾಕ್ಟರಿಯ ಕೆಲಸ ಅರ್ಧಕ್ಕೆ ಇಳಿಸಿಕೊಂಡು ನಾಯಿಗಳ ಊಟ, ಗೂಡಿನ ಶುಚಿ ಎಲ್ಲವನ್ನೂ ತಾನೇ ನೋಡಿಕೊಳ್ಳತೊಡಗಿದ.

ಮಾರನೆಯ ಬೇಸಿಗೆಯಲ್ಲಿ ತೊಂದರೆ ಶುರುವಾಯಿತು. ಯುಗಾದಿಯ ಹಿಂದಿನ ವಾರ ಲಕ್ಕಣ್ಣ ತಂದ ಡಬ್ಬ ತೆರೆದರೆ ಒಳಗೆ ಬರೀ ತಣ್ಣೀರು. ನಾಯಿಯ ಎದೆ ಆಗಲೇ ತೆರೆದಾಗಿತ್ತು. ಡಾಕ್ಟರು ಡಬ್ಬವನ್ನು ಒಮ್ಮೆ ನೋಡಿ, ಅವನನ್ನು ಒಮ್ಮೆ ನೋಡಿದರು.

"ಇದು ಕುಡಿಯೋಕೆ ಚೆನ್ನಾಗಿರತ್ತೆ ಲಕ್ಕಣ್ಣ. ನಂಗೆ ಉಪಯೋಗ ಇಲ್ಲ."

ಆ ನಾಯಿ ಉಳಿಯಲಿಲ್ಲ. ಡಾಕ್ಟರು ಬೈದಿದ್ದರೆ ಅವನಿಗೆ ಸಮಾಧಾನವಾಗುತ್ತಿತ್ತೋ ಏನೋ. ಇಪ್ಪತ್ತು ವರ್ಷ ಐಸ್ ಹೊತ್ತವನಿಗೆ ಐಸ್ ಕರಗಿಸಿ ತಂದೆ ಎನಿಸಿಕೊಳ್ಳುವುದು ಸಣ್ಣ ಮಾತಾಗಿರಲಿಲ್ಲ.

ಮುಂದಿನ ವಾರದಿಂದ ಡಬ್ಬಗಳು ಗಟ್ಟಿಯಾಗಿಯೇ ಬಂದವು. ಎಷ್ಟು ಗಟ್ಟಿ ಎಂದರೆ, ಲಕ್ಕಣ್ಣ ತೊಳೆದು ಕುದಿಸಿದ ಮರದ ಸುತ್ತಿಗೆಯಿಂದ ಕುಟ್ಟಿ ಪುಡಿ ಮಾಡಿ ಕೊಡಬೇಕಾಗಿತ್ತು. ಡಾಕ್ಟರು ಸಂತೋಷಪಟ್ಟರು. ಗುಂಡಿಗೆಗಳು ಬೇಗ ನಿಲ್ಲುತ್ತಿದ್ದವು, ನಲವತ್ತು ನಿಮಿಷ ಮಲಗಿದರೂ ಮತ್ತೆ ಬಡಿಯುತ್ತಿದ್ದವು. ನಾನು ಸ್ನಾಯುವಿಗೆ ಚುಚ್ಚಿದ ಸೂಜಿಯಲ್ಲಿ ಉಷ್ಣಾಂಶ ನೋಡಿ ಬರೆಯುತ್ತಿದ್ದೆ. ಡಬ್ಬದ ಒಳಗಿನ ಉಷ್ಣಾಂಶವನ್ನು ಒಂದು ದಿನವೂ ನೋಡಲಿಲ್ಲ. ನೋಡು ಎಂದು ಯಾರೂ ಹೇಳಿರಲಿಲ್ಲ, ನನಗೂ ತೋಚಲಿಲ್ಲ.

ಆದರೆ ನಾಯಿಗಳು ಬೇರೆ ರೀತಿಯಲ್ಲಿ ಸಾಯತೊಡಗಿದವು. ಆಪರೇಷನ್ನಿನ ದಿನ ಎದ್ದು, ಮಾರನೆಯ ದಿನ ಹಾಲು ನೆಕ್ಕಿ, ಮೂರನೆಯ ದಿನಕ್ಕೆ ಏದುಸಿರು, ಐದನೆಯ ದಿನಕ್ಕೆ ಕಫ ಕಟ್ಟಿ ಸಾವು. ಕುಯ್ದು ನೋಡಿದರೆ ಗುಂಡಿಗೆ ಚೆನ್ನಾಗಿದೆ, ಹೊಲಿಗೆ ಚೆನ್ನಾಗಿದೆ, ಎಡ ಶ್ವಾಸಕೋಶ ಮಾತ್ರ ಕೆಟ್ಟಿದೆ. ಒಂದಲ್ಲ, ಎರಡಲ್ಲ. ಡಾಕ್ಟರು ಪಂಪು ಬಿಚ್ಚಿ ಜೋಡಿಸಿದರು, ಔಷಧ ಬದಲಾಯಿಸಿದರು, ಗೂಡುಗಳಿಗೆ ಸುಣ್ಣ ಹೊಡೆಸಿದರು. ಶೆಡ್ಡಿನಲ್ಲಿ ಯಾರೂ ಯಾರ ಮುಖವನ್ನೂ ಸರಿಯಾಗಿ ನೋಡುತ್ತಿರಲಿಲ್ಲ.

ಆ ದಿನಗಳಲ್ಲಿ ಒಂದು ಮಧ್ಯಾಹ್ನ ಲಕ್ಕಣ್ಣನ ಹೆಂಡತಿ ಮಾರಮ್ಮ ಶೆಡ್ಡಿಗೆ ಬಂದಳು. ಅವನು ಫ್ಯಾಕ್ಟರಿಯಲ್ಲಿರುವ ಹೊತ್ತು ನೋಡಿಕೊಂಡೇ ಬಂದಿದ್ದಳು. ಸೆರಗಿನಲ್ಲಿ ಮಾವಿನಕಾಯಿ ಕಟ್ಟಿ ತಂದಿದ್ದನ್ನು ನನ್ನ ಮೇಜಿನ ಮೇಲಿಟ್ಟು, ಕೂರದೆ ನಿಂತೇ ಕೇಳಿದಳು.

"ಇಲ್ಲಿ ಏನಾಗೈತೆ ಅಮ್ಮಣ್ಣಿ? ನಮ್ಮನೇರು ಅನ್ನ ಬಿಟ್ಟವ್ರೆ. ಕುಂತ್ರೆ ಏಳ್ತಾರೆ, ಎದ್ರೆ ಬಾಗ್ಲಿಗೋಯ್ತಾರೆ. ಕೇಳುದ್ರೆ ನಾಯಿ ಅಂತಾರೆ. ನಾಯಿ ಶಾಪ ತಟ್ತದೆ ಈ ಕೆಲ್ಸ ಬುಡಿ ಅಂದೆ. ಅದುಕ್ಕೆ ನನ್ ಮೇಲೇ ರೇಗುದ್ರು."

"ನಾಯಿಗಳು ಸಾಯ್ತಾ ಇವೆ, ಅದಕ್ಕೆ ಬೇಜಾರು ಇರಬೇಕು" ಎಂದೆ.

"ಬೇಜಾರಲ್ಲ ಕಣವ್ವ. ಹದ್ನೇಳು ವರ್ಸ ಸಂಸಾರ ಮಾಡಿವ್ನಿ. ಇದು ಭಯ."

ಅವಳು ಹೋದ ಮೇಲೆ ನಾನು ಲಕ್ಕಣ್ಣನನ್ನು ಗಮನಿಸತೊಡಗಿದೆ. ಅವನು ಗೂಡುಗಳ ಮುಂದೆ ಕುಕ್ಕರುಗಾಲಲ್ಲಿ ಇಣುಕಿ, ನಾಯಿ ಉಸಿರಾಡುವುದನ್ನೇ ನೋಡುತ್ತಿದ್ದ. ಒಂದು ಕಡೆಯಿಂದ ನೋಡುವನು, ಎದ್ದು ಸುತ್ತು ಹಾಕಿ ಇನ್ನೊಂದು ಕಡೆಯಿಂದ ನೋಡುವನು. ಜೂನ್ ತಿಂಗಳ ಒಂದು ಮಂಗಳವಾರ ಡಾಕ್ಟರು ಕೈ ತೊಳೆಯುತ್ತಿದ್ದಾಗ ಅವನು ನೇರ ಅವರೆದುರು ಬಂದು ನಿಂತ.

"ಸ್ವಾಮಿ, ಆ ಕಂದು ನಾಯಿ ನೋಡ್ಬನ್ನಿ. ಉಸ್ರು ಎಳ್ಕಂಡಾಗ ಬಲಗಡೆ ಪಕ್ಕೆ ಉಬ್ತದೆ. ಎಡಗಡೆ ಬಿದ್ದೋಗೈತೆ. ಸತ್ತವೂ ಇಂಗೇ ಇದ್ವು."

ಡಾಕ್ಟರು ಹೋಗಿ ನೋಡಿದರು. ನಾಯಿಯ ಪಕ್ಕೆಗಳ ಮೇಲೆ ಎರಡೂ ಕೈ ಇಟ್ಟು ಬಹಳ ಹೊತ್ತು ಕೂತರು. ಎದ್ದಾಗ ಲಕ್ಕಣ್ಣ ಅಂಗಿಯ ಗುಂಡಿ ಬಿಚ್ಚಿ ಎಡ ಹೆಗಲು ತೋರಿಸುತ್ತಿದ್ದ.

"ಇಲ್ಲಿ ನೋಡಿ. ಏನಾರ ಕಾಣ್ತದಾ? ಏನೂ ಇಲ್ಲ. ಹತ್ ವರ್ಸದ ಇಂದೆ ರೈಲು ಓಯ್ತದೆ ಅಂತ ಆತುರಕ್ಕೆ ಗೋಣಿ ಆಕ್ಕೊಳ್ದೆ ಐಸ್ ಒತ್ತೆ. ಅದೂ ಉಪ್ಪಾಕಿದ್ದ ಐಸು, ಮೀನಿನ ಪೆಟ್ಟಿಗೇದು. ಚರ್ಮ ಎರಡು ದಿನಕ್ಕೆ ಸರೋಯ್ತು. ಕೈ ಮೂರು ತಿಂಗ್ಳು ಎತ್ತಕ್ಕಾಗ್ಲಿಲ್ಲ. ಮೇಲೆ ಚೆಂದಾಗೇ ಇತ್ತು, ಒಳಗೆ ನರ ಮಂಕಾಗಿತ್ತು."

ಡಾಕ್ಟರು ಅವನ ಹೆಗಲನ್ನು ನೋಡುತ್ತ ನಿಂತರು. ಲಕ್ಕಣ್ಣ ಗುಂಡಿ ಹಾಕಿಕೊಳ್ಳಲು ಹೋಗಿ ಅರ್ಧಕ್ಕೇ ಬಿಟ್ಟ.

"ಇನ್ನೊಂದ್ ಮಾತು ಸ್ವಾಮಿ. ನಾನು ಡಬ್ಬುಕ್ಕೆ ಉಪ್ಪಾಕ್ತಾ ಇವ್ನಿ."

"ಏನು?"

"ಡಬ್ಬದೊಳಗಲ್ಲ. ಸುತ್ತ ಐಸಿಗೆ. ಕರಗ್ಬಾರ್ದು ಅಂತ. ಐಸ್‌ಕ್ರೀಮ್ ಮಾಡೋರು ಆಕ್ತಾರಲ್ಲ, ಅಂಗೆ. ಉಪ್ಪು ಬಿದ್ರೆ ಐಸು ಇನ್ನೂ ತಣ್ಣಗಾಯ್ತದೆ. ನೀವು ಬರೀ ಐಸು ಅಂದಿದ್ರಿ. ಉಗಾದಿ ಆದ್ಮೇಲಿಂದ ನಾನು ಕಲ್ಲುಪ್ಪು ಆಕಿ ತತ್ತಾ ಇವ್ನಿ. ಅದು ಬರೀ ಐಸಲ್ಲ ಸ್ವಾಮಿ, ಸುಡೋ ಐಸು."

ಪಂಪಿನ ಹತ್ತಿರ ನಿಂತಿದ್ದ ನಾನು ದಾಖಲೆಯ ಪುಸ್ತಕ ತೆರೆದು ಯುಗಾದಿಯಿಂದ ಈಚಿನ ಪುಟಗಳನ್ನು ತಿರುವಿದೆ. ಡಾಕ್ಟರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.

"ಎಷ್ಟು ನಾಯಿ?" ಎಂದು ನನ್ನನ್ನು ಕೇಳಿದರು.

"ಏಳು ಸಾರ್. ಈ ಕಂದು ಬಿಟ್ಟು."

"ಲಕ್ಕಣ್ಣ, ಇವತ್ತು ಮನೆಗೆ ಹೋಗು" ಎಂದರು.

ಅವನು ಹೋದ. ಸೈಕಲ್ಲನ್ನು ಹೊಂಗೆಮರಕ್ಕೆ ಒರಗಿಸಿದ್ದು ಹಾಗೇ ಇತ್ತು. ಬಳ್ಳಾರಿ ರಸ್ತೆಯಲ್ಲಿ ನಡೆದುಕೊಂಡೇ ಹೋದ. ಇನ್ನು ಬರುವುದಿಲ್ಲ ಎಂದು ನಾನು ತಿಳಿದೆ. ಮಾರಮ್ಮ ಆಮೇಲೆ ಹೇಳಿದಳು, ಆ ಮೂರು ದಿನ ಅವನು ಗೊರಗುಂಟೆಪಾಳ್ಯದಿಂದ ಪೀಣ್ಯದವರೆಗೆ ತುಮಕೂರು ರಸ್ತೆಯನ್ನು ಸುಮ್ಮನೆ ನಡೆದನಂತೆ, ಹೋಗಿದ್ದು ಬಂದಿದ್ದು, ಹೋಗಿದ್ದು ಬಂದಿದ್ದು. ನೆಂಟರು ಯಾರೋ ತಡೆದು ಕೇಳಿದರೆ "ಎಮ್ಮೆ ಕಳೆದೋಗೈತೆ" ಎಂದನಂತೆ. ಅವರ ಮನೆಯಲ್ಲಿ ಎಮ್ಮೆಯೇ ಇರಲಿಲ್ಲ.

ಶುಕ್ರವಾರ ಬೆಳಗ್ಗೆ ಏಳಕ್ಕೆ ಅವನು ಬಂದ. ತಲೆಯ ಮೇಲೆ ಡಬ್ಬದ ಪೆಟ್ಟಿಗೆ. ನಡೆದು ಬಂದಿದ್ದ. ತೆರೆದರೆ ಒಳಗಿನದು ಸರಿಯಾದ ಅಂಬಲಿಯ ಹದ. ನಾನು ಆ ದಿನ ಮೊದಲ ಬಾರಿಗೆ ಉಷ್ಣಮಾಪಕವನ್ನು ಡಬ್ಬದಲ್ಲೇ ಇಟ್ಟು ನೋಡಿದೆ. ಸೊನ್ನೆಗಿಂತ ಒಂದು ಕೂದಲು ಕೆಳಗೆ, ಅಷ್ಟೇ.

"ಕರಗಲಿಲ್ವಾ?" ಎಂದೆ.

"ಇನ್ನೂ ಬೆಳ್ಕರಿಯೋ ಒತ್ಗೆ ಒಂಟ್ಬುಟ್ಟೆ. ಬಿಸ್ಲು ಏರೋದ್ರೊಳಗೆ ಬಂದ್ಬುಟ್ರೆ ಉಪ್ಯಾಕೆ? ಇದು ಮೊದ್ಲೇ ತೋಚ್ಬೇಕಿತ್ತು."

ಡಾಕ್ಟರು ಅವನನ್ನು ಕಂಡು ಏನೂ ಆಗಿಲ್ಲವೆಂಬಂತೆ ಒಳಗೆ ಕರೆದರು. ಕೈ ತೊಳೆಸಿ, ಬಾಯಿಗೆ ಬಟ್ಟೆ ಕಟ್ಟಿಸಿ, ತೆರೆದ ಎದೆಯ ಪಕ್ಕ ನಿಲ್ಲಿಸಿಕೊಂಡರು. ಗುಂಡಿಗೆಯ ಚೀಲದ ಮೇಲೆ ಎಡಬದಿಯಲ್ಲಿ ಬಿಳಿ ನೂಲಿನಂಥದ್ದೊಂದನ್ನು ಇಕ್ಕಳದ ತುದಿಯಿಂದ ತೋರಿಸಿದರು.

"ಇದೇ ಆ ನರ. ಉಸಿರಾಡಿಸೋ ವಪೆಗೆ, ಎದೆಯ ಕೆಳಗಿನ ಆ ಪರದೆಗೆ, ಇದೇ ಹುಕುಂ ತಗೊಂಡು ಹೋಗೋದು. ನಾನು ಐಸನ್ನ ಇದಕ್ಕೆ ಒತ್ತಿ ತುಂಬ್ತಿದ್ದೆ. ಸ್ನಾಯು ಕಾಪಾಡೋ ಗಡಿಬಿಡೀಲಿ ಪಕ್ಕದಲ್ಲಿ ಇದು ಇದೆ ಅನ್ನೋದನ್ನೇ ಮರೆತಿದ್ದೆ."

ಲಕ್ಕಣ್ಣ ಬಗ್ಗಿ ನೋಡಿದ. "ಇದುಕ್ಕೊಂದು ಗೋಣಿ ಬೇಕು ಸ್ವಾಮಿ."

ಗೋಣಿಯ ಬದಲು ಕುದಿಸಿದ ಫ್ಲಾನೆಲ್ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಗುಂಡಿಗೆಗೂ ಆ ನರಕ್ಕೂ ನಡುವೆ ಇಟ್ಟರು. ಆ ನಾಯಿ ಬದುಕಿತು. ಅದರ ನಂತರದ್ದು ಬದುಕಿತು. ಮೂರನೆಯದು ರಕ್ತಸ್ರಾವದಿಂದ ಸತ್ತಿತು, ಆದರೆ ಅದರ ಎರಡೂ ಪಕ್ಕೆ ಕೊನೆಯವರೆಗೂ ಆಡುತ್ತಿದ್ದವು. ಕಂದು ನಾಯಿ ಮಾತ್ರ ಯಾವುದೋ ಗಟ್ಟಿಜೀವ, ಒಂದೇ ಪಕ್ಕೆಯಲ್ಲಿ ಉಸಿರಾಡುತ್ತ ಎರಡು ತಿಂಗಳು ಇದ್ದು, ನಿಧಾನವಾಗಿ ಎಡಗಡೆಯನ್ನೂ ಆಡಿಸತೊಡಗಿತು.

ಇಷ್ಟಾದರೂ ಲಕ್ಕಣ್ಣನಿಗೆ ನೆಮ್ಮದಿ ಬರಲಿಲ್ಲ. ಒಂದು ದಿನ ಅವನು ಡಾಕ್ಟರನ್ನು ಕೇಳಿಯೇಬಿಟ್ಟ.

"ಉಪ್ಪು ಆಕ್ದಿದ್ರೆ ಆ ಏಳು ಉಳೀತಿದ್ವಾ ಸ್ವಾಮಿ?"

"ಬರೀ ಐಸಾದ್ರೂ ಹಾಗೇ ಆಗ್ತಿತ್ತೇನೋ. ಒತ್ತಿ ಇಟ್ಟವನು ನಾನು."

"ಆಯ್ತಿತ್ತೇನೋ ಅಂದ್ರೆ? ಆಯ್ತಿತ್ತಾ, ಇಲ್ವಾ?"

"ಗೊತ್ತಿಲ್ಲ ಲಕ್ಕಣ್ಣ. ಗೊತ್ತಾಗಬೇಕಾದ್ರೆ ಇನ್ನೂ ಏಳು ನಾಯಿ ಕೊಲ್ಲಬೇಕು. ನಾನು ಕೊಲ್ಲೋದಿಲ್ಲ."

ಅವನು ತಲೆಯಾಡಿಸಿ ಹೊರಗೆ ಹೋದ. ಶೆಡ್ಡಿನ ಸುತ್ತ ಹೆಜ್ಜೆ ಕೇಳಿತು.

ಅರವತ್ತೇಳರ ಫೆಬ್ರವರಿಯಲ್ಲಿ ಡಾಕ್ಟರು ಮನುಷ್ಯರಿಗೆ ಮಾಡಲು ತಯಾರಾದರು. ಬಳಸುದಾರಿಯ ಹೊಲಿಗೆ ಅಲ್ಲ, ಅದಕ್ಕೆ ಅವರಿಗೆ ಇನ್ನೂ ಧೈರ್ಯವಿರಲಿಲ್ಲ. ಹುಟ್ಟಿನಿಂದ ಗುಂಡಿಗೆಯ ಎರಡು ಕೋಣೆಗಳ ನಡುವೆ ತೂತಿದ್ದ ಹುಡುಗಿ, ಹತ್ತೊಂಬತ್ತು ವರ್ಷದ ನಸೀಮಾ. ತೂತು ಮುಚ್ಚಲು ಗುಂಡಿಗೆಯನ್ನು ಅರ್ಧ ಗಂಟೆ ಮಲಗಿಸಬೇಕಿತ್ತು. ಐಸು ಯಶವಂತಪುರದಿಂದಲೇ, ಲಕ್ಕಣ್ಣನ ಕೈಯಿಂದಲೇ ಬರಬೇಕು ಎಂದು ಡಾಕ್ಟರು ಆಸ್ಪತ್ರೆಯವರಿಗೆ ಹೇಳಿದ್ದರು.

ಹಿಂದಿನ ದಿನ ಅವನು ಹುಡುಗಿಯನ್ನು ನೋಡಬೇಕೆಂದು ಹಟ ಹಿಡಿದ. ನಾನು ವಾರ್ಡಿಗೆ ಕರೆದುಕೊಂಡು ಹೋದೆ. ಹುಡುಗಿ ದಿಂಬಿಗೆ ಒರಗಿ ಸ್ವೆಟರ್ ಹೆಣೆಯುತ್ತಿದ್ದಳು. ಲಕ್ಕಣ್ಣ ಮಂಚದ ಕಾಲ್ದೆಸೆಯಲ್ಲಿ ನಿಂತು ಅವಳ ಮುಖ ನೋಡಲಿಲ್ಲ, ಉಸಿರು ನೋಡಿದ. ಅವಳ ತಾಯಿಗೆ ಸಿಟ್ಟು ಬಂತು.

"ಯಾರಪ್ಪ ನೀನು? ಹಂಗ್ಯಾಕೆ ನೋಡ್ತೀಯಾ?"

"ಐಸ್ ತರೋನು ತಾಯಿ."

"ಐಸಾ? ನಾವು ಕೇಳಿಲ್ವಲ್ಲ."

"ನಾಳೆ ಕೆಲ್ಸಕ್ಕೆ. ಡಾಕ್ಟ್ರು ಕೇಳವ್ರೆ" ಎಂದ ಲಕ್ಕಣ್ಣ. ಆಮೇಲೆ ಹುಡುಗಿಗೆ, "ಏನ್ ಎಣೀತಿದ್ದೀಯವ್ವ?" ಎಂದು ಕೇಳಿದ.

"ನಮ್ ಅಣ್ಣಂಗೆ. ತೋಳು ಒಂದು ಬಾಕಿ ಐತೆ."

"ಬಾಕಿ ಇಟ್ಕಂಡಿರು" ಎಂದು ಹೇಳಿ ಸರಸರನೆ ಹೊರಟುಬಿಟ್ಟ.

ಮರುದಿನ ಬೆಳಗ್ಗೆ ಡಬ್ಬಗಳು ಆಸ್ಪತ್ರೆಯ ವ್ಯಾನಿನಲ್ಲಿ ಬಂದವು. ಅವನು ಡಬ್ಬದ ಪೆಟ್ಟಿಗೆಯ ಮೇಲೆ ಕೈಯಿಟ್ಟುಕೊಂಡು ಹಿಂದೆ ನಿಂತೇ ಬಂದಿದ್ದ. ನಾನು ಒಳಗೆ ಉಷ್ಣಾಂಶ ಬರೆಯುತ್ತಿದ್ದೆ. ಫ್ಲಾನೆಲ್ ಇಟ್ಟರು. ಚಿಮುಟ ಬಿತ್ತು. ಅಂಬಲಿ ಸುರಿದರು. ಹುಡುಗಿಯ ಗುಂಡಿಗೆ ಮಿಸುಕಿ ನಿಂತಿತು. ಇಪ್ಪತ್ತೆಂಟು ನಿಮಿಷ. ಚಿಮುಟ ತೆಗೆದರೆ ಗುಂಡಿಗೆ ಏಳಲಿಲ್ಲ. ಸುಮ್ಮನೆ ನಡುಗುತ್ತ ಬಿದ್ದಿತ್ತು. ಡಾಕ್ಟರು ಬೆಚ್ಚನೆಯ ಉಪ್ಪುನೀರು ಸುರಿದರು, ಅಂಗೈಯಲ್ಲಿ ಒತ್ತಿದರು, ವಿದ್ಯುತ್ತಿನ ಏಟು ಕೊಟ್ಟರು. ಒಂದು, ಎರಡು. ನನ್ನ ಪೆನ್ಸಿಲ್ ಕಾಗದದ ಮೇಲೆ ಒಂದೇ ಜಾಗದಲ್ಲಿ ತಿರುಗುತ್ತಿತ್ತು. ಮೂರನೆಯ ಏಟಿಗೆ ಗುಂಡಿಗೆ ಒಮ್ಮೆ ಬಡಿಯಿತು. ಸುಮ್ಮನಾಯಿತು. ಮತ್ತೆ ಬಡಿಯಿತು, ಮತ್ತೆ.

ಹೊರಗೆ ಬಂದಾಗ ಲಕ್ಕಣ್ಣ ಕಾರಿಡಾರಿನಲ್ಲಿ ಇರಲಿಲ್ಲ. ಅವನ ನಡಿಗೆಯ ಕಾಟ ತಾಳದೆ ನರ್ಸು ಅವನನ್ನು ಕೆಳಕ್ಕೆ ಅಟ್ಟಿದ್ದಳಂತೆ. ಹಿತ್ತಲಿನ ನಲ್ಲಿಯ ಹತ್ತಿರ ಖಾಲಿ ಡಬ್ಬಗಳನ್ನು ತೊಳೆಯುತ್ತಿದ್ದ. ತೊಳೆದದ್ದನ್ನೇ ಮತ್ತೆ ತೊಳೆಯುತ್ತಿದ್ದ.

"ಎದ್ದಿತು" ಎಂದೆ.

"ಉಸ್ರು?"

"ಅದು ಗೊತ್ತಾಗೋಕೆ ಮೂರು ದಿನ ಬೇಕು ಲಕ್ಕಣ್ಣ."

ಮೂರು ದಿನವೂ ಅವನು ವಾರ್ಡಿನ ಬಾಗಿಲಿಗೆ ಬಂದು, ಹೊದಿಕೆ ಏರಿಳಿಯುವುದನ್ನು ನೋಡಿ ಹೋದ. ನಸೀಮಾಳ ತಾಯಿ ಈಗ ಏನೂ ಕೇಳುತ್ತಿರಲಿಲ್ಲ, ಅವನಿಗೆ ಕಾಣಲೆಂದು ಮಗಳ ಕಾಲ್ದೆಸೆಯಿಂದ ಸರಿದು ಕೂರುತ್ತಿದ್ದಳು. ನಾಲ್ಕನೆಯ ದಿನ ಡಾಕ್ಟರು ಎಕ್ಸ್‌ರೇ ಹಿಡಿದು ಅವನನ್ನು ಕಿಟಕಿಯ ಬೆಳಕಿಗೆ ಕರೆದರು. ಎರಡೂ ಕಡೆಯ ವಪೆ ಸರಿಯಾದ ಮಟ್ಟದಲ್ಲಿತ್ತು. ಲಕ್ಕಣ್ಣನಿಗೆ ಅದು ಅರ್ಥವಾಗದಿದ್ದರೂ ಎರಡು ಗೆರೆಗಳ ಮೇಲೂ ಬೆರಳಾಡಿಸಿ, "ಎರಡೂ ಆಡ್ತವೆ" ಎಂದ. ಕಣ್ಣಲ್ಲಿ ನೀರು ಬಂತು. ಒರೆಸಿಕೊಳ್ಳುವುದಕ್ಕೂ ನಿಲ್ಲದೆ ಮೆಟ್ಟಿಲಿಳಿದು ಹೋದ.

ಮುಂದೆ ಎರಡು ವರ್ಷದಲ್ಲಿ ಡಾಕ್ಟರು ಹನ್ನೊಂದು ಜನಕ್ಕೆ ಅದೇ ರೀತಿ ಆಪರೇಷನ್ ಮಾಡಿದರು. ಎಂಟು ಜನ ಮನೆಗೆ ಹೋದರು. ಅರವತ್ತೊಂಬತ್ತರಲ್ಲಿ ಅವರಿಗೆ ಬೇರೆ ಊರಿನಲ್ಲಿ ದೊಡ್ಡ ಕೆಲಸ ಸಿಕ್ಕಿತು. ಪಂಪನ್ನು ಪೆಟ್ಟಿಗೆಯಲ್ಲಿ ತುಂಬಿ ಕಳಿಸಿದರು, ಶೆಡ್ಡಿಗೆ ಬೀಗ ಬಿತ್ತು. ಹೊರಡುವ ದಿನ ಲಕ್ಕಣ್ಣನ ಕೈ ಹಿಡಿದು "ಬರ್ತೀಯಾ ನನ್ನ ಜೊತೆ?" ಎಂದು ಕೇಳಿದರು. ಮಾರಮ್ಮನಿಗೆ ಊರು ಬಿಡಲು ಇಷ್ಟವಿರಲಿಲ್ಲ. ಅವನು ಫ್ಯಾಕ್ಟರಿಗೇ ವಾಪಸು ಹೋದ.

ನಾನು ಕಾಲೇಜೊಂದರ ಪ್ರಯೋಗಾಲಯಕ್ಕೆ ಸೇರಿದೆ. ಆ ವರ್ಷದ ಕೊನೆಯಲ್ಲಿ ತುಮಕೂರಿಗೆ ಹೋಗಲು ಯಶವಂತಪುರ ಸ್ಟೇಷನ್ನಿನಲ್ಲಿ ನಿಂತಿದ್ದಾಗ ಅವನು ಸಿಕ್ಕ. ಹೊರುವ ಕೆಲಸ ಬಿಟ್ಟು ಈಗ ತೊಟ್ಟಿಗಳ ಉಸ್ತುವಾರಿ ನೋಡುತ್ತಿದ್ದ. ಮಗಳ ಮದುವೆ ಗೊತ್ತಾಗಿದೆ ಎಂದ, ಹುಣಸಮಾರನಹಳ್ಳಿಯ ಸಂಬಂಧ.

ಅಮೆರಿಕದಲ್ಲಿ ಈಗ ಮನುಷ್ಯರಿಗೇ ಆ ಹೊಲಿಗೆ ಹಾಕುತ್ತಿದ್ದಾರಂತೆ, ಕಾಲಿನ ನಾಳ ತೆಗೆದು ಗುಂಡಿಗೆಗೆ ಬಳಸುದಾರಿ ಮಾಡುತ್ತಾರಂತೆ ಎಂದು ನಾನು ಓದಿದ್ದನ್ನು ಹೇಳಿದೆ. ಅವನು ಬಾಯಿ ತೆರೆದು ಕೇಳಿದ.

"ನಿಲ್ಲಿಸ್ತಾರಾ ಗುಂಡಿಗೇನ?"

"ನಿಲ್ಲಿಸ್ತಾರೆ."

"ಅಲ್ಲಿ ಐಸ್ ಯಾರು ತತ್ತಾರೆ ಅಮ್ಮಣ್ಣಿ?"

ನನಗೆ ಗೊತ್ತಿರಲಿಲ್ಲ. ಯಾರೋ ತರುತ್ತಾರೆ ಎಂದೆ.

"ನರದ ಇಸ್ಯ ಅವ್ರಿಗೆ ಗೊತ್ತಿರ್ಬೇಕು ಅಲ್ವಾ? ಅಷ್ಟು ದೊಡ್ಡೋರಿಗೆ ಗೊತ್ತಿರ್ತದೆ. ಆದ್ರೂ ಒಂದ್ ಕಾಗ್ದ ಬರೀರಿ, ಡಾಕ್ಟ್ರಿಗೆ. ಅವ್ರು ಅಲ್ಲಿಗೆ ಬರೀಲಿ."

ರೈಲು ಬಂತು. ನಾನು ಹತ್ತಿ ಕಿಟಕಿಯ ಹತ್ತಿರ ಕೂತೆ. ಅವನು ರೈಲಿನ ಜೊತೆ ಪ್ಲಾಟ್‌ಫಾರಂ ಮುಗಿಯುವವರೆಗೂ ನಡೆದು ಬಂದು, "ಮರೀಬ್ಯಾಡಿ, ಬರೀರಿ" ಎಂದು ಇನ್ನೊಂದು ಸಲ ಕೂಗಿ ಹೇಳಿದ. ತುಮಕೂರಿನಿಂದ ಬಂದ ವಾರವೇ ನಾನು ಡಾಕ್ಟರಿಗೆ ಕಾಗದ ಬರೆದೆ.